ಹಿರಿಯರ ಬಣ್ಣ

ಹಂಡೆಯ ನೀರಿಗೆ ಮೊಣಕೈ ಅದ್ದಿ ಬಿಸಿ ನೋಡುತ್ತಿದ್ದ ಬಾತಿಮಾ, ಬಾಗಿಲಿನ ಬೆಳಕಿಗೆ ಅಡ್ಡ ಬಂದವರು ಯಾರೆಂದು ತಲೆಯೆತ್ತಿದವಳು ಕೈ ಹೊರಗೆ ತೆಗೆಯುವುದನ್ನೇ ಮರೆತಳು. ಗೋಡೆಗೆ ಮುಖಮಾಡಿ, ಸೊಂಟದ ಮೇಲೆ ಕೈಯಿಟ್ಟು, ಹಾಡಿಕೊಂಡು ಅಳುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ತಿರುಗಿ ನೋಡಿದರು. ಹಾಡು ಅರ್ಧಕ್ಕೆ ನಿಂತಿತು.

ಬಂದವಳು ಕಲಂಪಿರ್. ಒಳಗೆ ಬಿಳಿ ಪರದೆಯ ಹಿಂದೆ ಮಲಗಿದ್ದ ಉಲ್ಬೊಸಿನ್‌ಳ ವಾರಗಿತ್ತಿ. ಇವಳು ಅಣ್ಣನ ಹೆಂಡತಿ, ಅವಳು ತಮ್ಮನ ಹೆಂಡತಿ. ಇಬ್ಬರ ಮನೆಗೂ ನಡುವೆ ಇದ್ದದ್ದು ಒಂದು ಬಾವಿ, ಒಂದು ಆಡಿನ ದೊಡ್ಡಿ. ಈ ಮನೆಯಲ್ಲಿ ಊದಿದ ಒಲೆಯ ಹೊಗೆ ಆ ಮನೆಯವರ ಕಣ್ಣಿಗೆ ಹೋಗುತ್ತಿತ್ತು. ಆದರೂ ತನ್ನ ಮಗ ಎಸೆನ್‌ನನ್ನು ಮಣ್ಣಿಗಿಟ್ಟ ಮೇಲೆ ಕಲಂಪಿರ್ ಈ ಹೊಸಿಲು ತುಳಿದವಳಲ್ಲ. ಮದುವೆಗೆ ಬರಲಿಲ್ಲ, ತೊಟ್ಟಿಲಿಗೆ ಬರಲಿಲ್ಲ, ಮೈದುನನ ಹೆಣ ಎತ್ತಿದ ದಿನವೂ ಬಾವಿಯಾಚೆಯೇ ನಿಂತು ಕೈಯೆತ್ತಿ ಪ್ರಾರ್ಥನೆ ಮಾಡಿ ಹೊರಟುಹೋಗಿದ್ದಳು.

ಕಲಂಪಿರ್ ಹಬೆಯ ಕಡೆ ನೋಡಿದಳು.

"ಬಿಸಿ ಜಾಸ್ತಿಯಾಯ್ತು ಬಾತಿಮಾ. ಹೆಣಕ್ಕೂ ಚರ್ಮ ಅಂತ ಒಂದಿರುತ್ತೆ. ತಣ್ಣೀರು ಬೆರೆಸು."

ಅಷ್ಟು ಹೇಳಿ ಕೋಲನ್ನು ಬಾಗಿಲ ಮೂಲೆಗೆ ಒರಗಿಸಿ, ತೋಳು ಮಡಿಸತೊಡಗಿದಳು. ಮನೆತನದ ಹಿರಿಯ ಸೊಸೆ ಬದುಕಿರುವಾಗ ಕಿರಿಯಳ ಮೈ ತೊಳೆಯುವುದಕ್ಕೆ ಮೊದಲ ಕೈ ಅವಳದೇ ಆಗಬೇಕು. ಅದನ್ನು ಬೇಡವೆನ್ನಲು ಯಾರಿಗೂ ಬಾಯಿಲ್ಲ.

ಪರದೆ ಸರಿಸಿಕೊಂಡು ಉಲ್ಬೊಸಿನ್‌ಳ ಮಗಳು ಜಿಯಾದಾ ಹೊರಬಂದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು. "ದೊಡ್ಡಮ್ಮಾ" ಎಂದು ಬಂದು ತಬ್ಬಿಕೊಂಡಳು. ಕಲಂಪಿರ್ ತಬ್ಬಲೂ ಇಲ್ಲ, ಬಿಡಿಸಿಕೊಳ್ಳಲೂ ಇಲ್ಲ.

"ಬಂದ್ರಲ್ಲ, ಸಾಕು ದೊಡ್ಡಮ್ಮ. ಇನ್ನೊಂದೇ ಒಂದು ಕೇಳ್ತೀನಿ. ಇಲ್ಲ ಅನ್ಬೇಡಿ. ಕಫನ್ ಕಟ್ಟೋಕೆ ಮುಂಚೆ ನಿಮ್ಮ ಬಾಯಿಂದ 'ರಾಜಿ' ಅಂತ ಒಂದು ಮಾತು ಬರ್ಲಿ. ಅಮ್ಮನ ಮೇಲೆ ಮಣ್ಣು ಹಗುರಾಗಿ ಬೀಳುತ್ತೆ."

ಸತ್ತವರ ಮೇಲೆ ನೋವಿಟ್ಟುಕೊಂಡವರು ಬಟ್ಟೆಯ ಗಂಟು ಬೀಳುವ ಮುನ್ನ ಮುಖ ನೋಡಿ ರಾಜಿ ಎನ್ನಬೇಕು. ಅನ್ನದಿದ್ದರೆ ಆ ನೋವು ಹೆಣದ ಜೊತೆ ಗುಂಡಿಗಿಳಿಯುತ್ತದೆ, ಎದೆಯ ಮೇಲೆ ಕೂರುತ್ತದೆ. ಉಲ್ಬೊಸಿನ್ ಹಾಸಿಗೆ ಹಿಡಿದಂದಿನಿಂದ ಜಿಯಾದಾಳಿಗೆ ಇದೊಂದೇ ಚಿಂತೆ.

"ಯಾಕೆ ಹೇಳ್ಬೇಕಂತೆ?" ಒಲೆಯ ಪಕ್ಕದಿಂದ ತುರ್ಸಿನ್‌ಗುಲ್ ಮುದುಕಿಯ ದನಿ ಬಂತು. ಹಲ್ಲೆಲ್ಲ ಹೋಗಿದ್ದರೂ ನಾಲಿಗೆಗೆ ಮಾತ್ರ ಒಂದಿಷ್ಟೂ ತೇವ ಕಡಿಮೆಯಾಗಿರಲಿಲ್ಲ. "ಹಾವು ಮುಟ್ಟಿದ್ರೆ ಓತಿ ಅಂದೋಳು ನಿಮ್ಮಮ್ಮ. ಹೆತ್ತ ಹೊಟ್ಟೆ ಉರಿಸಿದೋಳು. ಅವ್ಳಿಗೆ ರಾಜಿ ಬೇರೆ ಕೇಡು!"

"ಅತ್ತೇ, ಹೆಣದ ಮುಂದೆ..."

"ಹೆಣದ ಮುಂದೇನೇ ನಿಜ ಹೇಳ್ಬೇಕು ಕಣೇ. ಆಮೇಲೆ ಕೇಳೋರ್ಯಾರು?"

ಕಲಂಪಿರ್ "ಬಿಸ್ಮಿಲ್ಲಾ" ಎಂದು ಪರದೆಯೊಳಗೆ ಬಲಗಾಲಿಟ್ಟಳು.

*

ಉಲ್ಬೊಸಿನ್ ಎಂದರೆ ಗಂಡಾಗಲಿ ಎಂದು ಅರ್ಥ. ಸಾಲಾಗಿ ಹೆಣ್ಣೇ ಹುಟ್ಟಿದ ಮನೆಯಲ್ಲಿ ಕೊನೆಯ ಹೆಣ್ಣಿಗೆ ಇಡುವ ಹೆಸರು. ಹೆಸರಿನಲ್ಲೇ ಬೇಡವೆನಿಸಿಕೊಂಡು ಬಂದ ಹುಡುಗಿ, ಹೊಳೆಯ ದಡದ ಜೊಂಡಿನ ಸೀಮೆಯಿಂದ ಮರಳಿಗೆ ಬಿದ್ದಳು. ತಾಯಿಯಿಲ್ಲದವಳು. ಹೇಗೆ ಬಾಗಬೇಕು, ಯಾರ ಮುಂದೆ ಮುಸುಕೆಳೆಯಬೇಕು, ಯಾವ ಮಾತು ನುಂಗಬೇಕು ಎಂದು ಹೇಳಿ ಕಳಿಸಿದವರಿಲ್ಲ.

ಬಂದ ವಾರದಲ್ಲೇ ಮನೆಗೆ ನೆಂಟರು ಬಂದರು. ಮಾವ ಹಿರಿಯರಿಗೆ ಮೀಸಲಾದ ಮೇಲಿನ ಹಾಸಿನ ಮೇಲೆ ಕೂತಿದ್ದ. ಉಲ್ಬೊಸಿನ್ ಚಹಾದ ಪಾತ್ರೆ ಹಿಡಿದು ಬಂದು, ತಲೆ ತಗ್ಗಿಸಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು:

"ಅಕ್ಕಾ, ಕಪ್ಪು ಚಹಾ ಕೊಡ್ಲಾ, ಕ್ಯೋಕ್ ಚಹಾ ಕೊಡ್ಲಾ?"

ಮಾವನ ಹೆಸರು ಕ್ಯೋಕ್‌ಬಾಯ್.

ನೆಂಟರು ರೊಟ್ಟಿ ಮುರಿಯುತ್ತಿದ್ದ ಕೈ ಹಾಗೇ ಹಿಡಿದರು. ಮುದುಕ ಕೇಳಿಸದವನಂತೆ ಗಡ್ಡ ನೇವರಿಸಿಕೊಂಡ. ಕಲಂಪಿರ್ ಎದ್ದು, ಹುಡುಗಿಯ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋಗಿ, ಕೈಯಲ್ಲಿದ್ದ ಮರದ ಸೌಟಿನಿಂದ ಬಾಯಿಗೆ ಒಂದು ಕೊಟ್ಟಳು. ತುಟಿ ಒಡೆಯಿತು.

"ಮಾವನ ಹೆಸರು ಹಿಡಿದು ಕರೀತೀಯೇನೇ?"

"ನಾನು ಚಹಾ ಅಂದೆ ಅಕ್ಕ..."

"ಹೆಸರಿನೊಳಗಿರೋ ಮಾತೂ ಹೆಸರೇ. ಇನ್ನು ಸಾಯೋ ತನಕ ಆ ಮಾತು ನಿನ್ನ ಬಾಯಿಗೆ ಸಲ್ಲದು. ನನ್ನ ಬಾಯಿಗೆ ಸಲ್ಲುತ್ತಾ? ನಾನೂ ಸೊಸೆನೇ."

"ಮತ್ತೆ ಏನನ್ಲಿ?"

"ಹಿರಿಯರ ಚಹಾ ಅನ್ನು. ಹಿರಿಯರ ಬಣ್ಣ ಅನ್ನು."

ಅವರ ಮಾತಿನಲ್ಲಿ ಆಕಾಶದ ನೀಲಿಗೂ ಅದೇ ಮಾತು, ವಸಂತದ ಹುಲ್ಲಿನ ಹಸಿರಿಗೂ ಅದೇ, ಒಲೆಯ ಬೂದಿಗೂ ಅದೇ. ಎಲ್ಲವೂ ಕ್ಯೋಕ್. ರಕ್ತ ಒರೆಸಿಕೊಂಡು ಹುಡುಗಿ ಮೇಲೆ ನೋಡಿದಳು, ಕೆಳಗೆ ನೋಡಿದಳು. ದೇವರು ಎರಡು ಕೈಯಲ್ಲೂ ಧಾರಾಳವಾಗಿ ಬಳಿದಿಟ್ಟ ಬಣ್ಣವೇ ಅವಳ ಪಾಲಿಗೆ ಬೀಗ ಬಿದ್ದ ಮನೆಯಾಯಿತು.

ಇದಾದ ಸ್ವಲ್ಪ ದಿನಕ್ಕೆ ಬಿಸಿಲು ಬಲಿಯಿತು. ಒಂದು ಬೆಳಿಗ್ಗೆ ಹೆಂಗಸರೆಲ್ಲ ದೊಡ್ಡಿಯ ಹತ್ತಿರ ಆಡಿನ ಕೂದಲು ಬಾಚುತ್ತಾ ಕೂತಿದ್ದಾಗ ಉಲ್ಬೊಸಿನ್ ಕೈ ನಿಲ್ಲಿಸಿ, "ಅಕ್ಕಾ, ಆ ಕೊಂಬೆ ತುದೀಲಿ ಏನೋ ಕೂತಿದೆ" ಎಂದಳು.

"ಸಕ್ಸಾವುಲ್ ಗಿಡದ ಚಕ್ಕೆ ಅದು. ಕೆಲಸ ನೋಡು."

"ಚಕ್ಕೆಗೆ ಕಣ್ಣಿದೆ ಅಕ್ಕ."

ಎಲ್ಲರೂ ನೋಡಿದರು. ಗಿಡದ ನೆತ್ತಿಯಲ್ಲಿ, ಬಿಸಿಲಿಗೆ ಎದೆಯೊಡ್ಡಿ, ಗೇಣುದ್ದದ ಒಂದು ಓತಿ ಕೂತಿತ್ತು. ಮೊದಲಿಗೆ ಅದಕ್ಕೂ ಒಣಕೊಂಬೆಗೂ ಭೇದವಿರಲಿಲ್ಲ. ಮೈಯೆಲ್ಲ ಮರಳಿನ ಬಣ್ಣ, ಒರಟು ಹುರುಪೆ. ಬಿಸಿಲು ಏರಿದಂತೆ ಅದರ ಗಂಟಲಿಗೆ ಎಲ್ಲಿಂದಲೋ ಬಣ್ಣ ಊರತೊಡಗಿತು. ಶಾಯಿ ಬಿದ್ದ ಬಟ್ಟೆ ಹೀರಿಕೊಳ್ಳುವ ಹಾಗೆ ಗಂಟಲಿನಿಂದ ಎದೆಗೆ, ಎದೆಯಿಂದ ಹೊಟ್ಟೆಯ ಪಕ್ಕಕ್ಕೆ, ಕಾಲುಗಳಿಗೆ ನೀಲಿ ಹರಿಯಿತು. ಬಾಲ ಮಾತ್ರ ಹಳದಿಗೆ ತಿರುಗಿ, ಅಡ್ಡಪಟ್ಟೆ ಎದ್ದು ಕಂಡವು. ಅದು ಮುಂಗಾಲ ಮೇಲೆ ಎದ್ದು, ಕೂತು, ಎದ್ದು, ಕೂತು, ಯಾರಿಗೋ ಸಲಾಮು ಹೊಡೆಯುವಂತೆ ತಲೆಯಾಡಿಸಿತು.

ಹೊಳೆಸೀಮೆಯ ಹುಡುಗಿ ಇಂಥದ್ದನ್ನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಬಾಚಣಿಗೆ ಕೆಳಗಿಟ್ಟು ಎದ್ದು ನಿಂತಳು.

"ಅದರ ಗಂಟಲು ನೋಡಿ! ಗಂಟಲು... ಅಯ್ಯೋ, ಗಂಟಲು..." ಎಂದು ಬಾಯಿಗೆ ಕೈಯಿಟ್ಟುಕೊಂಡಳು. ಆಮೇಲೆ ಮೆಲ್ಲಗೆ, "ಹಿರಿಯರ ಬಣ್ಣ ಆಯ್ತು" ಎಂದಳು.

ತುರ್ಸಿನ್‌ಗುಲ್ ನಗುತ್ತಾ ಹಿಂದಕ್ಕೆ ಬಿದ್ದಳು. "ಲೇ, ಮಾವನ್ನ ಹುಳ ಮಾಡಿಬಿಟ್ಲಲ್ರೇ ಇವ್ಳು!"

"ಗಡ್ಡ ಒಂದು ಕಡಿಮೆ ಅಷ್ಟೇ!"

ಕಲಂಪಿರ್ ಕೂಡ ನಕ್ಕಳು. ನಗುತ್ತಲೇ ತೋರಿಸಿಕೊಟ್ಟಳು. "ಅದು ಗಂಡು. ಪಕ್ಕದ ಗಿಡದಲ್ಲಿ ನೋಡು, ಬೆನ್ನ ಮೇಲೆ ತುಕ್ಕಿನ ಮಚ್ಚೆ ಇರೋದು ಹೆಣ್ಣು. ಅವ್ಳಿಗೋಸ್ಕರ ಇವನ ಬಣ್ಣ. ನೆರಳು ಬಿದ್ರೆ ಇಳಿದುಹೋಗುತ್ತೆ. ವಿಷ ಇಲ್ಲ ಅದಕ್ಕೆ. ಬೆರಳು ಕೊಟ್ರೆ ಕಚ್ಚುತ್ತೆ, ಉಗುಳು ಹಚ್ಚಿದ್ರೆ ಹೋಗುತ್ತೆ."

ಹರಿದಾಡುವ ಜೀವಗಳ ಹೆಸರನ್ನು ಆ ಕಾಲದಲ್ಲಿ ಕೂಗಿ ಹೇಳುವಂತಿಲ್ಲ. ಹೆಸರು ಕೇಳಿದರೆ ಅವು ಬಂದಾವು ಎಂದು ಹಾವಿಗೂ ಹುಳ, ಚೇಳಿಗೂ ಹುಳ, ಓತಿಗೂ ಹುಳ ಎನ್ನುತ್ತಿದ್ದರು. ಹೀಗಾಗಿ ಆ ಬೆಳಿಗ್ಗೆಯೆಲ್ಲ ದೊಡ್ಡಿಯ ಸುತ್ತ ಒಂದೇ ತಮಾಷೆ ಓಡಾಡಿತು. "ಹಿರಿಯರ ಬಣ್ಣದ ಹುಳ ಇಳಿದು ಬಂತೇನೇ?" "ಹಿರಿಯರ ಬಣ್ಣದ ಹುಳಕ್ಕೆ ಚಹಾ ಕೊಟ್ಯಾ?" ಉಲ್ಬೊಸಿನ್ ನಾಚಿ ನಗುತ್ತಿದ್ದಳು. ಆ ಮನೆಗೆ ಬಂದ ಮೇಲೆ ಅವಳು ಎಲ್ಲರೊಡನೆ ಕೂಡಿ ನಕ್ಕದ್ದು ಅದೇ ಮೊದಲು.

ಮಧ್ಯಾಹ್ನ ಕಲಂಪಿರ್ ತಂದೂರಿಗೆ ರೊಟ್ಟಿ ಬಡಿಯುತ್ತಿದ್ದಳು. ಸುತ್ತ ಹೆಂಗಸರಿದ್ದರು. ಪುಳ್ಳೆ ಆಯಲು ಹೋಗಿದ್ದ ಉಲ್ಬೊಸಿನ್, ಎಸೆನ್‌ನನ್ನು ಕಂಕುಳಲ್ಲಿ ಎತ್ತಿಕೊಂಡು ಓಡಿಬಂದಳು. ಆಗಷ್ಟೇ ಎಡವದೆ ಓಡಲು ಕಲಿತಿದ್ದ ಮಗು. ಎಸೆನ್ ಎಂದರೆ ಕ್ಷೇಮ.

"ಅಕ್ಕಾ! ಎಸೆನ್‌ಗೆ ಹಿರಿಯರ ಬಣ್ಣದ ಹುಳ ಮುಟ್ಟಿತು!"

ಹೆಂಗಸರು ಗೊಳ್ಳೆಂದರು. ಕಲಂಪಿರ್ ತಂದೂರಿನಿಂದ ತಲೆ ತೆಗೆಯಲಿಲ್ಲ. "ಉಗುಳು ಹಚ್ಚು. ಬೆಳಿಗ್ಗೆ ಹೇಳಿದ್ನಲ್ಲ."

"ಅದಲ್ಲ ಅಕ್ಕ. ಬೇರೆದು. ಅದೂ ಹಿರಿಯರ ಬಣ್ಣದ್ದೇ..."

"ನಿಮ್ಮ ಮಾವನಿಗೆ ಎಷ್ಟು ಬಣ್ಣವೇ ತಾಯಿ?" ಎಂದಳು ತುರ್ಸಿನ್‌ಗುಲ್.

ಹುಡುಗಿಯ ತುಟಿಗೆ ಸೌಟು ಬಿದ್ದ ಗಾಯ ಇನ್ನೂ ಮಾಗಿರಲಿಲ್ಲ. ಮಗುವನ್ನು ಕೆಳಗಿಳಿಸಿ, ತಂದೂರಿನ ಬಾಯಿಗೆ ಕೈ ಹಾಕಿ, ಒಂದು ಹಿಡಿ ಬೂದಿ ತೆಗೆದು ಕಲಂಪಿರ್‌ಳ ಮುಖದ ಹತ್ತಿರ ಹಿಡಿದಳು. "ಇದು ಅಕ್ಕ. ಇದು. ಇದು."

ಕಲಂಪಿರ್ ಬೂದಿ ನೋಡಿದಳು. ಕಚ್ಚಿದ ಜಾಗಕ್ಕೆ ಬೂದಿ ಹಚ್ಚಲೇ ಎಂದು ಕೇಳುತ್ತಿದ್ದಾಳೆ ಅಂದುಕೊಂಡಳು. ಅವಳ ಕೈಯಿಂದಲೇ ಒಂದು ಚಿಟಿಕೆ ತೆಗೆದು ಮಗುವಿನ ಹಿಮ್ಮಡಿಗೆ ಉಜ್ಜಿ, "ಹೋಗು, ಅಳಬೇಡ ಅನ್ನು ಅವನಿಗೆ. ರೊಟ್ಟಿ ಸೀಯುತ್ತೆ" ಎಂದು ಮತ್ತೆ ತಂದೂರಿನೊಳಗೆ ಬಗ್ಗಿದಳು.

ಸಂಜೆಗೆ ಕಾಲು ಮೊಣಕಾಲಿನವರೆಗೆ ಕಪ್ಪಾಯಿತು. ಮಗುವಿನ ವಸಡಿನಿಂದ ರಕ್ತ ಜಿನುಗಿತು. ಆಗ ಕಲಂಪಿರ್‌ಗೆ ಬೂದಿ ನೆನಪಾಯಿತು. ಬೂದಿಯ ಬಣ್ಣದ ಹಾವು, ತಲೆಯ ಮೇಲೆ ಬಿಳಿ ಗುರುತಿನದು, ಮೈ ಉಜ್ಜಿಕೊಂಡು ಕಾದ ಎಣ್ಣೆಯ ಹಾಗೆ ಸದ್ದು ಮಾಡುವುದು. ಗೊತ್ತಿಲ್ಲದವರಾರು?

ಮುದುಕ ಬಂದು ಹಾಸಿಗೆಯ ಹತ್ತಿರ ಕೂತು, "ಏನು ಮುಟ್ಟಿದ್ದು? ಕಂಡೋರ್ಯಾರು?" ಎಂದ.

ಕಂಡವಳು ಮುಸುಕೆಳೆದುಕೊಂಡು ಗೋಡೆಗೆ ಆತು ನಿಂತಿದ್ದಳು. ಹೊಸ ಸೊಸೆ ಮಾವನೆದುರು ಬಾಯಿ ತೆರೆಯುವಂತಿಲ್ಲ. ತೆರೆದರೂ ಹೇಳಬೇಕಾದ ಮಾತು ಅವನ ಹೆಸರೇ. ಮುಸುಕಿನೊಳಗೆ ತುಟಿ ಅಲ್ಲಾಡುತ್ತಿದ್ದದ್ದು ಕಲಂಪಿರ್‌ಗೆ ಕಾಣುತ್ತಿತ್ತು.

"ಸೊಸೆ ಓತಿ ಅಂದ್ಲು ಮಾವ," ಎಂದಳು ಕಲಂಪಿರ್. "ನಾನು ನಂಬಿದೆ."

ಬೆಳಗಾಗುವಷ್ಟರಲ್ಲಿ ಮಗು ಹೋಯಿತು. ಕುದುರೆಯ ಮೇಲೆ ಬಂದ ವೈದ್ಯ ಕಾಲು ನೋಡಿ, ಮಧ್ಯಾಹ್ನವೇ ಹೊರಟಿದ್ದರೆ ಉಳಿಯುತ್ತಿತ್ತೋ ಏನೋ ಎಂದು ಕೈ ತೊಳೆದುಕೊಂಡ.

ಆಮೇಲೆ ಉಲ್ಬೊಸಿನ್ ತನ್ನ ಗಂಡನ ಹತ್ತಿರ, ನಾನು ಹಾಗೆ ಅನ್ನಲಿಲ್ಲ ಎಂದಳಂತೆ. ಮತ್ತೇನು ಅಂದೆ ಎಂದು ಕೇಳಿದರೆ ಸುಮ್ಮನೆ ಅತ್ತಳಂತೆ. ಅದನ್ನು ಕೇಳಿ ತುರ್ಸಿನ್‌ಗುಲ್ ಬಾವಿಯ ಹತ್ತಿರ, "ಓತಿಗೆ ಬೇಲಿಗೂಟ ಸಾಕ್ಷಿ" ಎಂದಳು. ಅಂದಿನಿಂದ ಉಲ್ಬೊಸಿನ್ ಎಂಬ ಹೆಸರು ಹೋಯಿತು. ಊರಿಗೆಲ್ಲ ಅವಳು ಓತಿ. ಮುದುಕಿಯಾದ ಮೇಲೆ ಓತಿಯಜ್ಜಿ.

*

ಬಾತಿಮಾ ನೀರು ಹೊಯ್ದಳು. ಕಲಂಪಿರ್ ಕೈಗೆ ಬಿಳಿ ಬಟ್ಟೆ ಸುತ್ತಿಕೊಂಡು, ಬಲಗಡೆಯಿಂದ ಮೊದಲು ಮಾಡಿ, ಭುಜ, ತೋಳು, ಬೆರಳಸಂದಿಗಳನ್ನು ತೊಳೆದಳು. ಒಂದು ಕಾಲದಲ್ಲಿ ತಾನೇ ತಲೆ ಬಾಚಿ ಜಡೆ ಹಾಕಿದ ಹುಡುಗಿ ಇವಳು. ಈಗ ಜಡೆಯೆಂದರೆ ಎರಡು ಇಲಿಬಾಲ. ಮೇಲ್ತುಟಿಯ ಮೇಲೆ ಸಣ್ಣ ಬಿಳಿ ಗೆರೆಯೊಂದಿತ್ತು.

"ತುಟಿ ಮೇಲೆ ಇದೇನು?" ಎಂದಳು ಬಾತಿಮಾ.

"ಎಲ್ಲೋ ಬಿದ್ದಿರ್ಬೇಕು," ಎಂದಳು ಕಲಂಪಿರ್.

ಪರದೆಯಾಚೆ ಜಿಯಾದಾ ಕಫನ್ ಬಟ್ಟೆ ಅಳೆದು ಹರಿಯುತ್ತಿದ್ದಳು. ಸುತ್ತ ಕೂತ ಹೆಂಗಸರ ಮಾತು ಮೆಲ್ಲಗೆ ಹೊರಳಿತು. ಯಾರೋ ಒಬ್ಬಳು, "ಏನೇ ಅನ್ನಿ, ನನಗೆ ಹುಳ ಯಾವುದು ಅಂತ ಕಣ್ಣು ಬಿಡಿಸಿದ್ದು ಓತಿಯಜ್ಜಿನೇ. ಚಿಕ್ಕೋಳಿದ್ದಾಗ ಗಿಡದ ಮುಂದೆ ಕೂರಿಸ್ಕೊಂಡು ತೋರಿಸೋಳು" ಎಂದಳು.

"ನಮ್ಮ ಅಣ್ಣನೂ ಹೋಗ್ತಿದ್ದ. ಆಮೇಲೆ ಅಮ್ಮ ಬೇಡ ಅಂದ್ಲು."

"ಯಾಕಂತೆ?"

"ಯಾರೋ ಏನೋ ಹೇಳಿದ್ರಂತೆ."

ಕಲಂಪಿರ್ ಬಟ್ಟೆ ಹಿಂಡಿದಳು.

*

ಜಿಯಾದಾ ಹುಟ್ಟಿ, ನಡೆದಾಡುವ ಹಾಗಾದ ಮೇಲಿನ ಮಾತು. ಬಾವಿಗೆ ಹೋಗುತ್ತಿದ್ದ ಕಲಂಪಿರ್, ಸಕ್ಸಾವುಲ್ ಗಿಡದ ಮುಂದೆ ಹತ್ತಾರು ಮಕ್ಕಳು ಮಂಡಿಯೂರಿ ಕೂತದ್ದು ಕಂಡಳು. ನಡುವೆ ಉಲ್ಬೊಸಿನ್. ಒಬ್ಬರೂ ಉಸಿರೆತ್ತುತ್ತಿಲ್ಲ. ಕೊಂಬೆಯ ತುದಿಯಲ್ಲಿ ಓತಿಯೊಂದು ನಿಧಾನವಾಗಿ ನೀಲಿಯಾಗುತ್ತಿತ್ತು.

"ನೋಡಿ," ಎಂದು ಪಿಸುಗುಟ್ಟಿದಳು ಉಲ್ಬೊಸಿನ್. ಕೊರಳಿನ ಮಣಿಸರ ಎತ್ತಿ ಒಂದು ನೀಲಿ ಮಣಿ ತೋರಿಸಿದಳು. "ಈ ಮಣಿ ಹಾಗಿದ್ದು, ಕಾಲಿದ್ದು, ತಲೆ ಕುಣಿಸಿದ್ರೆ ಸುಮ್ನೆ ಕೂತು ನೋಡಿ. ಅದು ಏನೂ ಮಾಡಲ್ಲ." ಆಮೇಲೆ ಸೆರಗಿನ ಗಂಟು ಬಿಚ್ಚಿ ಬೂದಿ ತೋರಿಸಿದಳು. "ಈ ಬೂದಿ ಹಾಗಿದ್ದು, ಕಾಲಿಲ್ದೆ, ಅಡ್ಡಡ್ಡ ಹರಿದು, ಎಣ್ಣೆ ಕಾದ ಸದ್ದು ಬಂದ್ರೆ ಹಿಂದೆ ನೋಡದೆ ಓಡಿ. ಕಣ್ಣಲ್ಲಿ ಕಲೀರಿ. ಬಾಯಿ ನಂಬ್ಕೋಬೇಡಿ."

"ಎರಡೂ ಕ್ಯೋಕೇ ಅಲ್ವಾ ಚಿಕ್ಕಮ್ಮ?" ಎಂದಿತು ಒಂದು ಮಗು.

ಉಲ್ಬೊಸಿನ್ ಅದರ ತಲೆ ಸವರಿದಳು. "ನೀನು ಅನ್ನಪ್ಪ. ನಾನು ಅನ್ನೋ ಹಾಗಿಲ್ಲ."

ಅವಳು ತಿರುಗಿದಾಗ ಕಲಂಪಿರ್ ಕಂಡಳು. ಎದ್ದು, ಬಾಗಿ, ಹಿರಿಯ ವಾರಗಿತ್ತಿಗೆ ಸಲಾಮು ಮಾಡಿದಳು. ಬೂದಿ ಇನ್ನೂ ಅಂಗೈಯಲ್ಲೇ ಇತ್ತು.

ಸಂಜೆ ಕಲಂಪಿರ್ ಬಾವಿಯ ಹತ್ತಿರ ನೀರು ಸೇದುತ್ತಾ, ಯಾರನ್ನೂ ನೋಡದೆ, "ನನ್ನ ಮಗನ್ನ ಕಳಿಸಿದೋಳ ಹತ್ರಾನೇ ನಿಮ್ಮ ಮಕ್ಕಳನ್ನ ಪಾಠಕ್ಕೆ ಕಳಿಸ್ತಿದ್ದೀರಾ? ಕಳಿಸಿ, ಕಳಿಸಿ" ಎಂದಳು. ಅಷ್ಟು ಸಾಕಾಯಿತು. ಮರುದಿನ ಗಿಡದ ಮುಂದೆ ಉಲ್ಬೊಸಿನ್ ಮಗಳೊಬ್ಬಳನ್ನೇ ಕೂರಿಸಿಕೊಂಡಿದ್ದಳು. ಅದರ ಮರು ವಸಂತ ಮಗಳೂ ಬರಲಿಲ್ಲ. ಜೊತೆಯ ಮಕ್ಕಳು ಓತಿಮರಿ ಎಂದು ಕೂಗುತ್ತಿದ್ದವಂತೆ.

*

"ದೊಡ್ಡಮ್ಮ," ಪರದೆ ಸರಿಸಿ ಜಿಯಾದಾ ಬಟ್ಟೆ ಒಳಗೆ ಕೊಟ್ಟಳು. ತೊಳೆದು ಮುಗಿದ ತಾಯಿಯ ಮುಖ ಕಂಡು ಸ್ವಲ್ಪ ಹೊತ್ತು ನಿಂತಳು. "ಎಷ್ಟು ತೆಳ್ಳಗಾಗಿಬಿಟ್ಟಿದ್ದಾಳೆ. ಕೊನೆಗೆ ಊಟಾನೂ ಇಲ್ಲ. ಬರೀ ಒಂದೇ ಮಾತು."

"ಏನಂದ್ಲು?" ತುರ್ಸಿನ್‌ಗುಲ್ ಕುತ್ತಿಗೆ ಚಾಚಿದಳು.

"ಕ್ಯೋಕ್ ಅಂತಿದ್ಲು ಅತ್ತೆ. ರಾತ್ರಿ ಹಗಲು ಕ್ಯೋಕ್, ಕ್ಯೋಕ್."

ಹೆಂಗಸರು ಅಂಗಿಯ ಕಾಲರಿಗೆ ಕೈಹಾಕಿ "ತೌಬಾ" ಎಂದರು. ಮುದುಕಿಯರಲ್ಲಿ ಕೆಲವರು ಕೇಡು ತಾಗದಿರಲೆಂದು ಎದೆಗೆ ಉಗುಳಿಕೊಂಡರು.

"ನೋಡಿದ್ರಾ!" ಎಂದಳು ತುರ್ಸಿನ್‌ಗುಲ್. "ಸಾಯೋ ಹೊತ್ತಲ್ಲಿ ಮಾವನ ಹೆಸರು ಹಿಡಿದು ಕೂಗಿ ಸತ್ಲು. ಅಷ್ಟು ವರ್ಷ ಅದುಮಿಟ್ಟ ಕೊಬ್ಬು ಆಚೆ ಬಂತು."

"ಹಿರಿಯರೇ ಕರೆಯೋಕೆ ಬಂದಿರ್ಬೇಕು ಬಿಡು," ಎಂದಳು ಬಾತಿಮಾ.

"ಹೆಸರಲ್ಲ ಅತ್ತೆ, ಬರೀ ಬಣ್ಣ!" ಜಿಯಾದಾಳ ದನಿ ಏರಿತು. "ನಾನು ಹಸಿರು ಚಹಾ ಕೇಳ್ತಿದ್ದಾಳೆ ಅಂತ ಕೊಟ್ಟೆ, ನೂಕಿದ್ಲು. ಆಕಾಶ ನೋಡ್ಬೇಕೇನೋ ಅಂತ ಬಾಗಿಲು ತೆಗೆದೆ, ತಲೆ ಆಡಿಸಿದ್ಲು. ಒಲೆ ಕಡೆ ಕೈ ತೋರಿಸೋಳು. ಬೂದಿ ತೋರಿಸಿ ಕ್ಯೋಕ್ ಅನ್ನೋಳು. ಆಮೇಲೆ ನಿಮ್ಮ ಮನೆ ಕಡೆ ಕೈ ಮಾಡೋಳು ದೊಡ್ಡಮ್ಮ." ಅವಳು ಕಲಂಪಿರ್‌ಳ ಮುಖವನ್ನೇ ನೋಡಿದಳು. "ನಿಮ್ಮತ್ರ ಏನೋ ಹೇಳೋಕಿತ್ತು ಅವ್ಳಿಗೆ. ನಿಮಗೆ ಗೊತ್ತಾಗುತ್ತಾ, ಅದೇನು ಅಂತ?"

ಹೊರಗೆ ಅಂಗಳದಲ್ಲಿ ಹಾಕಿದ್ದ ಗುಡಾರದ ಬಳಿ ಕೋಲೂರಿ ನಿಂತು "ನಮ್ಮವ್ವಾ, ನಮ್ಮವ್ವಾ" ಎಂದು ಗೋಳಿಡುತ್ತಿದ್ದ ಗಂಡಸರ ದನಿ ಮಾತ್ರ ಕೇಳುತ್ತಿತ್ತು. ಕಲಂಪಿರ್ ಹೇಳಬೇಕಾದದ್ದು ದೊಡ್ಡ ಕತೆಯೇನಲ್ಲ. ಇವಳು ಸರಿಯಾಗಿಯೇ ಹೇಳಿದ್ದಳು, ಓತಿ ಅಂದದ್ದು ನಾನು. ಅಷ್ಟೇ. ಆ ಎರಡು ಮಾತು ಬಿದ್ದರೆ ಈ ಹೆಣ ಓತಿಯಾಗಿ ಹೋಗದೆ ಉಲ್ಬೊಸಿನ್ ಆಗಿ ಹೋಗುತ್ತದೆ. ಆಮೇಲೆ ಊರು ಇವಳನ್ನು ಬಿಟ್ಟು ಕಲಂಪಿರ್‌ಳ ಕಡೆ ತಿರುಗುತ್ತದೆ. ಮಗನನ್ನು ಕಳೆದುಕೊಂಡ ತಾಯಿಯೆಂದು ಎಲ್ಲ ಮದುವೆಯಲ್ಲೂ ಮೇಲಿನ ಹಾಸು ಕೊಟ್ಟ ಊರು. ಎಂಬತ್ತು ದಾಟಿದ ಮೇಲೆ ಎಲ್ಲಿ ಹೋಗಿ ಕೂರುವುದು?

ಅವಳು ಜಿಯಾದಾಳ ಕೈಯಿಂದ ಬಟ್ಟೆ ತೆಗೆದುಕೊಂಡಳು.

"ಸಾಯೋರ ಬಾಯಿ ಮಗಳೇ. ಏನೇನೋ ಬರುತ್ತೆ. ಅರ್ಥ ಹುಡುಕಬಾರದು."

ಜಿಯಾದಾ ತಲೆ ತಗ್ಗಿಸಿದಳು.

ಬಿಳಿ ಬಟ್ಟೆ ಒಂದು ಸುತ್ತು ಬಂತು, ಎರಡನೆಯದು ಬಂತು. ಕಾಲ ಕಡೆ ಗಂಟು ಬಿತ್ತು, ಸೊಂಟಕ್ಕೆ ಬಿತ್ತು. ಮುಖವೊಂದು ಉಳಿಯಿತು. ಪರದೆ ತೆಗೆದರು. ಹೆಂಗಸರೆಲ್ಲ ಹತ್ತಿರ ಬಂದರು. ಬಾತಿಮಾ ನೂಲಿನ ತುದಿ ಹಿಡಿದು, ಬೇರೆ ಯಾರಿಗೂ ಕೇಳದ ಹಾಗೆ, "ಅವ್ಳೂ ನಿನಗೆ ರಾಜಿ ಆಗ್ಬೇಕಿತ್ತಲ್ವಾ ಅಕ್ಕ? ಇದು ಎರಡು ಕಡೆಯ ಮಾತು" ಎಂದಳು.

"ಅವ್ಳು ಹೋಗಿಯಾಯ್ತು. ಈಗ ಮಾತಾಡೋಳು ನಾನೊಬ್ಳೇ."

ಕಲಂಪಿರ್ ಹೆಣದ ತಲೆಯ ಹತ್ತಿರ ಮಂಡಿಯೂರಿದಳು. ಹೊಸಿಲಾಚೆ ನಿಂತ ಗಂಡಸರಿಗೂ ಕೇಳುವಷ್ಟು ದನಿ ತೆಗೆದಳು.

"ಉಲ್ಬೊಸಿನ್! ನಿನ್ನ ಬಾಯಿಂದ ನನ್ನ ಕಂದ ಹೋಯ್ತು. ಇಷ್ಟು ಕಾಲ ಎದೇಲಿ ಇಟ್ಕೊಂಡಿದ್ದೆ. ಅಲ್ಲಾಹನ ಹೆಸರಲ್ಲಿ ಇವತ್ತು ಬಿಟ್ಟೆ. ನಾನು ರಾಜಿ!"

ಮನೆಯ ಸೂರು ಹಾರುವ ಹಾಗೆ ಅಳು ಎದ್ದಿತು. "ಎಂಥಾ ಎದೆ! ಎಂಥಾ ತಾಯಿ!" ಎಂದು ತುರ್ಸಿನ್‌ಗುಲ್ ಕೂಡ ಕಣ್ಣೊರೆಸಿಕೊಂಡಳು. ಜಿಯಾದಾ ನೆಲಕ್ಕೆ ಬಿದ್ದು ಕಲಂಪಿರ್‌ಳ ಎರಡೂ ಕೈಯನ್ನು ಕಣ್ಣಿಗೊತ್ತಿಕೊಂಡಳು. ಇನ್ನೂ ಒದ್ದೆಯಿದ್ದ ಕೈಗಳು. ಬಾತಿಮಾ ಯಾರನ್ನೂ ನೋಡದೆ ಬಟ್ಟೆ ಎಳೆದು ಮುಖ ಮುಚ್ಚಿದಳು, ಕೊನೆಯ ಗಂಟು ಹಾಕಿದಳು.

ಹೊರಗೆ ಅಂಗಳದಲ್ಲಿ ಹೆಣವಿಟ್ಟು ಗಂಡಸರು ಸಾಲಾಗಿ ನಿಂತರು. ಮುಲ್ಲಾ ಪದ್ಧತಿಯಂತೆ ತಿರುಗಿ ಕೇಳಿದ: "ಜನರೇ, ಈಕೆ ಹೇಗಿದ್ದಳು?"

ಗಂಡಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಮುಂದಿನ ಸಾಲಿನ ಒಬ್ಬ ಮುದುಕ, "ಕಲಂಪಿರಜ್ಜಿನೇ ರಾಜಿ ಆದ್ಮೇಲೆ ನಮ್ಮದೇನಿದೆ. ಒಳ್ಳೆಯವಳೇ ಅನ್ನಿ" ಎಂದ.

"ಒಳ್ಳೆಯವಳೇ," ಎಂದರು ಎಲ್ಲರೂ.

ಹೆಣ ಹೊತ್ತವರು ದಿಬ್ಬ ದಾಟಿದ ಮೇಲೆ ಹೆಂಗಸರು ಕೈತೊಳೆದು ಕೂತರು. ತೊಳೆದವರಿಗೆ ಸತ್ತವಳ ಬಟ್ಟೆ ಹಂಚುವ ಹೊತ್ತು. ಬಾತಿಮಾಳಿಗೆ ಒಂದು ಶಾಲು, ಉಳಿದವರಿಗೆ ಲಂಗ, ತಲೆವಸ್ತ್ರ. ಜಿಯಾದಾ ಪೆಟ್ಟಿಗೆಯ ತಳದಿಂದ ಕಡುಗೆಂಪು ಮಖಮಲ್ಲಿನ ನಿಲುವಂಗಿಯೊಂದನ್ನು ತೆಗೆದಳು. ಮಗಳ ಮದುವೆಗೆಂದು ಉಲ್ಬೊಸಿನ್ ಹೊಲಿಸಿಕೊಂಡದ್ದು. ಮದುವೆಗೆ ಊರವರು ಯಾರೂ ಬರದೆ, ಒಂದೇ ದಿನ ತೊಟ್ಟು ಮಡಿಸಿಟ್ಟದ್ದು.

"ಇದು ನಿಮಗೆ ದೊಡ್ಡಮ್ಮ. ಬೇರೆ ಯಾರಿಗೂ ಸಲ್ಲದು."

"ನನಗ್ಯಾಕೇ ಇದೆಲ್ಲ?"

"ಬೇಡ ಅಂದ್ರೆ ಅಮ್ಮನ್ನ ಬೇಡ ಅಂದ ಹಾಗೆ."

ಹೆಂಗಸರು ಕಲಂಪಿರ್‌ಳನ್ನು ಎಬ್ಬಿಸಿ ನಿಲ್ಲಿಸಿದರು. ಅವಳು ಮದುಮಗಳ ಹಾಗೆ ಎರಡೂ ತೋಳು ಅಗಲಿಸಿದಳು. ನಿಲುವಂಗಿ ಭುಜಕ್ಕೆ ಬಂತು, ತೋಳಿಗೆ ಬಂತು. "ಅಳತೆ ಕೊಟ್ಟು ಹೊಲಿಸಿದ ಹಾಗಿದೆ," ಎಂದು ತುರ್ಸಿನ್‌ಗುಲ್ ಮಖಮಲ್ಲು ಸವರಿ ನೋಡಿದಳು. ಜಿಯಾದಾ ಮಂಡಿಯೂರಿ ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತಾ ಮೇಲೆ ಬಂದಳು. ಹೊಟ್ಟೆಯದು ಬಿತ್ತು, ಎದೆಯದು ಬಿತ್ತು. ಕುತ್ತಿಗೆಯದು ಬಿಗಿಯಾಗಿತ್ತು. ಎರಡು ಸಲ ಕೈ ಜಾರಿತು.

"ಸ್ವಲ್ಪ ಉಸಿರು ಬಿಗಿಹಿಡೀರಿ ದೊಡ್ಡಮ್ಮ."

ಕಲಂಪಿರ್ ಉಸಿರು ಬಿಗಿಹಿಡಿದು, ಗದ್ದ ಎತ್ತಿ ಕೊಟ್ಟಳು.